ಈ ತುದಿ ಅಜೈಬಾ, ಆ ತುದಿ ಖಸಬ್

"ಈ ನೆಟ್‌ವರ್ಕ್ ಕಾರ್ಡನ್ನ ಮೆಷಿನ್ನಿಗೆ ಹೀಗೆ ಕಟ್ಟಿಹಾಕಿರೋ ಮಹಾನುಭಾವ ಯಾರಪ್ಪಾ?"

ಸರ್ವರ್ ಕೋಣೆಯಲ್ಲಿ ತಾನೊಬ್ಬಳೇ ಇದ್ದೇನೆ ಎಂದುಕೊಂಡು ಆಶಿತಾ ಜೋರಾಗಿಯೇ ಕೇಳಿಬಿಟ್ಟಿದ್ದಳು.

"ನಾನೇ. ಎಂತಕ್ಕೆ?"

ಬೆನ್ನ ಹಿಂದಿನಿಂದ ಬಂದ ದನಿಗೆ ಬೆಚ್ಚಿಬಿದ್ದು ತಿರುಗಿದಳು. ಎರಡು ರ್‍ಯಾಕುಗಳ ನಡುವಿನ ಸಂದಿಯಲ್ಲಿ ಒಬ್ಬ ಯುವಕ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಕೊರಳಲ್ಲಿ ನೀಲಿ ಕೇಬಲ್ಲಿನ ಸುರುಳಿ. ಕೈಯಲ್ಲಿ ಟಾರ್ಚು. ಕಣ್ಣಲ್ಲಿ ಮಾತ್ರ, ತನ್ನ ಮನೆಯೊಳಗೆ ಕೇಳದೆ ನುಗ್ಗಿದವರನ್ನು ನೋಡುವ ನೋಟ.

ಆಶಿತಾಳ ಮುಖ ಕೆಂಪಾಯಿತು. ಆದರೂ ಮೈಸೂರಿನ ಹುಡುಗಿ, ಅಷ್ಟು ಸುಲಭಕ್ಕೆ ಸೋಲುವವಳಲ್ಲ.

"ಇದನ್ನ ಬಿಚ್ಚದೆ ಈ ಮೆಷಿನ್ ಅಲ್ಲಾಡಲ್ಲ ಕಣ್ರೀ."

"ಅದು ಯಾಕೆ ಅಲ್ಲಾಡ್ಬೇಕು? ಇದ್ದಲ್ಲೇ ಚಂದ ಉಂಟಲ್ಲ."

"ಬೇಸಿಗೆಗೆ ಮುಂಚೆ ಈ ನೆಲಮಾಳಿಗೆ ಖಾಲಿ ಆಗಬೇಕು. ಇಲ್ಲಿನ ಎಸಿ ಇವತ್ತೋ ನಾಳೆಯೋ ಅಂತಿದೆ. ನಿಮಗೆ ಯಾರೂ ಹೇಳಿಲ್ವಾ?"

"ಹೇಳಿದ್ದಾರೆ. ಉಳಿದದ್ದೆಲ್ಲ ಕೊಂಡೋಗಿ. ಇದೊಂದನ್ನು ಮುಟ್ಬೇಡಿ ಮಾರಾಯ್ರೆ."

ಅಷ್ಟು ಹೇಳಿ ಅವನು ಮತ್ತೆ ಕೇಬಲ್ಲುಗಳೊಳಗೆ ತಲೆ ಹುದುಗಿಸಿದ. ಮಾತು ಮುಗಿಯಿತು ಎಂಬಂತೆ.

'ಏನು ಜಂಬ ಈ ಮನುಷ್ಯನಿಗೆ...' ಆಶಿತಾ ಹಲ್ಲು ಕಚ್ಚಿಕೊಂಡು ಮೆಟ್ಟಿಲು ಹತ್ತಿದಳು.

ಅವಳು ಮಸ್ಕತ್ತಿಗೆ ಬಂದು ಆಗಿನ್ನೂ ಕೆಲವೇ ದಿನಗಳಾಗಿದ್ದವು. ಅಲ್ ಅಜೈಬಾದ ಒಂದು ಖಾಸಗಿ ಆಸ್ಪತ್ರೆಯ ಐಟಿ ವಿಭಾಗದಲ್ಲಿ ಕೆಲಸ. ಒಂದು ದೊಡ್ಡ ಸರ್ವರಿನೊಳಗೆ ಹಲವು ಕಂಪ್ಯೂಟರುಗಳು ಬೇರೆಬೇರೆಯಾಗಿ ಬಾಳುವಂತೆ ಮಾಡುವುದು, ಬೇಕೆಂದಾಗ ಅವುಗಳಲ್ಲಿ ಒಂದನ್ನು, ಅದು ಕೆಲಸ ಮಾಡುತ್ತಿರುವಾಗಲೇ, ಇನ್ನೊಂದು ಸರ್ವರಿಗೆ ದಾಟಿಸುವುದು ಅವಳ ವಿದ್ಯೆ. ಈಗ ಹಳೇ ನೆಲಮಾಳಿಗೆಯಲ್ಲಿರುವುದನ್ನೆಲ್ಲ ಹಿಂದುಗಡೆಯ ಹೊಸ ಕಟ್ಟಡಕ್ಕೆ ಸಾಗಿಸಬೇಕಿತ್ತು. ಒಂದು ನಿಮಿಷವೂ ನಿಲ್ಲಿಸದೆ.

ಎಲ್ಲವೂ ದಾಟುತ್ತಿದ್ದವು, ಒಂದನ್ನು ಬಿಟ್ಟು. ಎಲ್ಲರೂ ಅದನ್ನು ಖಸಬ್ ಮೆಷಿನ್ ಎನ್ನುತ್ತಿದ್ದರು.

"ಅವನ ಹೆಸರು ಶೈಲೇಶ್. ನೆಟ್‌ವರ್ಕ್ ನೋಡಿಕೊಳ್ಳುವವ," ಎಂದರು ಮ್ಯಾನೇಜರ್ ಜಾಯ್ಸನ್. ಶಿರ್ವದ ಕಡೆಯವರು, ಎಲ್ಲದಕ್ಕೂ ನಗುವ ಸ್ವಭಾವ. "ಮನೆಮಾತು ತುಳು, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ ಮಸ್ಕತ್ತಿನಾಚೆ ಸುವೈಕ್‌ನಲ್ಲಿ. ಒಳ್ಳೆ ಹುಡುಗ, ಸ್ವಲ್ಪ ಹಠಮಾರಿ. ಆ ಮೆಷಿನ್ ಅಂದ್ರೆ ಅವನಿಗೆ ಜೀವ."

"ಯಾಕೆ ಸರ್?"

"ಬನ್ನಿ, ತೋರಿಸ್ತೇನೆ."

ಮೇಲಿನ ಮಹಡಿಯಲ್ಲಿ ಡಾಕ್ಟರ್ ಸಲಾಂ ದೊಡ್ಡ ಪರದೆಯೊಂದರ ಮುಂದೆ ಕೂತಿದ್ದರು. ಪರದೆಯ ಮೇಲೆ ಗರ್ಭದೊಳಗಿನ ಮಗುವೊಂದು ಕೈ ಆಡಿಸುತ್ತಿತ್ತು. ತಾಯಿ ಇದ್ದದ್ದು ಖಸಬ್‌ನಲ್ಲಿ. ಇದೇ ದೇಶದ್ದಾದರೂ ಬೆಟ್ಟ, ಸಮುದ್ರ, ಎರಡು ಗಡಿ ದಾಟಿದರೆ ಸಿಗುವ ಆ ಪುಟ್ಟ ಬಂದರಿನ ಊರಿನ ಕ್ಲಿನಿಕ್ಕಿನಲ್ಲಿ ಸ್ಕ್ಯಾನ್ ಯಂತ್ರವಿತ್ತು, ತಜ್ಞರಿರಲಿಲ್ಲ. ಅಲ್ಲಿ ನರ್ಸ್ ಡಾಲಿ ಹೊಟ್ಟೆಯ ಮೇಲೆ ಉಪಕರಣ ಆಡಿಸುತ್ತಿದ್ದಳು. ಇಲ್ಲಿ ಡಾಕ್ಟರ್ ನೋಡಿ, "ಸ್ವಲ್ಪ ಎಡಕ್ಕೆ... ಅಲ್ಲೇ ನಿಲ್ಲಿಸು," ಎನ್ನುತ್ತಿದ್ದರು.

"ಈ ಚಿತ್ರ ಬರುವುದು ಆ ಮೆಷಿನ್ ಮೂಲಕ. ಮೊದಲು ಕುಂಟ್ತಾ ಬರ್ತಿತ್ತು," ಜಾಯ್ಸನ್ ಪಿಸುಗುಟ್ಟಿದರು. "ಮಗುವಿನ ಹೃದಯ ನೋಡ್ಲಿಕ್ಕೇ ಆಗ್ತಿರಲಿಲ್ಲ. ಶೈಲೇಶ್ ಆ ವೇಗದ ಕಾರ್ಡನ್ನು ನೇರವಾಗಿ ಮೆಷಿನ್ನಿಗೆ ಕೊಟ್ಟ ಮೇಲೆ ಹೀಗೆ ಬರುವುದು."

ಆಶಿತಾ ಪರದೆಯನ್ನೇ ನೋಡುತ್ತಾ ನಿಂತಳು. ಕೆಳಗೆ ಕೇಬಲ್ಲುಗಳ ನಡುವೆ ಕೂತವನ ಮೇಲಿದ್ದ ಸಿಟ್ಟು ಅರ್ಧಕ್ಕರ್ಧ ಇಳಿದುಹೋಯಿತು.

ಮರುದಿನ ಅವಳು ಎರಡು ಕರಕ್ ಚಹಾ ಹಿಡಿದುಕೊಂಡು ನೆಲಮಾಳಿಗೆಗೆ ಇಳಿದಳು.

"ಶೈಲೇಶ್ ಅವರೇ, ಒಂದು ಹತ್ತು ನಿಮಿಷ ನನ್ನ ಮಾತು ಕೇಳ್ತೀರಾ? ಆಮೇಲೆ ಬೇಕಾದ್ರೆ ಜಗಳ ಮುಂದುವರಿಸೋಣ."

ಅವನು ಚಹಾ ತೆಗೆದುಕೊಂಡ. ಅದೇ ಒಪ್ಪಿಗೆ.

"ಮೆಷಿನ್ ದಾಟಿಸುವಾಗ ಅದರ ಮೆಮೊರಿನ ಪುಟಪುಟವಾಗಿ ಆ ಕಡೆಗೆ ನಕಲು ಮಾಡ್ತೀವಿ. ಅಷ್ಟರಲ್ಲಿ ಯಾವ ಪುಟ ಬದಲಾಯ್ತೋ ಅದನ್ನ ಮತ್ತೆ ನಕಲು ಮಾಡಬೇಕು. ಆದ್ರೆ ನಿಮ್ಮ ಕಾರ್ಡು ಯಾರಿಗೂ ಹೇಳದೆ ಕೇಳದೆ ನೇರವಾಗಿ ಪುಟಗಳ ಮೇಲೆ ಬರೆದುಬಿಡುತ್ತೆ. ಏನು ಬದಲಾಯ್ತು ಅಂತ ನನಗೆ ಗೊತ್ತೇ ಆಗಲ್ಲ."

"ಅದಕ್ಕೇ ಮುಟ್ಬೇಡಿ ಅಂದದ್ದು."

"ಪೂರ್ತಿ ಕೇಳಿ. ದಾಟಿಸೋವಷ್ಟು ಹೊತ್ತು ಮಾತ್ರ ನಡುವೆ ಒಂದು ಸಾಫ್ಟ್‌ವೇರ್ ಕೂರಿಸೋಣ. ಕಾರ್ಡು ಬರೆಯೋದೆಲ್ಲ ಅದರ ಕೈ ಹಾದು ಹೋಗಲಿ. ಯಾವ ಪುಟ ಬದಲಾಯ್ತು ಅಂತ ಅದು ನನಗೆ ಹೇಳುತ್ತೆ. ಹೊಸ ಕಟ್ಟಡ ತಲುಪಿದ ತಕ್ಷಣ ಅಲ್ಲಿನ ಕಾರ್ಡಿಗೆ ನೇರ ದಾರಿ ಬಿಟ್ಟುಕೊಟ್ಟು ಪಕ್ಕಕ್ಕೆ ಸರಿಯುತ್ತೆ."

ಅವನು ಚಹಾ ಕುಡಿಯುವುದನ್ನು ನಿಲ್ಲಿಸಿದ್ದ.

"ಅಷ್ಟು ಹೊತ್ತು ಸ್ಪೀಡು?"

"ಕಮ್ಮಿ ಆಗುತ್ತೆ."

"ಎಷ್ಟು?"

"ಅದನ್ನ ನೀವೇ ನನ್ನ ಪಕ್ಕ ಕೂತು ಅಳೀಬೇಕು."

ಶೈಲೇಶ್ ಮೊದಲ ಸಲ ನಕ್ಕ. ನಕ್ಕರೆ ಅವನ ಮುಖ ಎಷ್ಟು ಬೇರೆಯಾಗುತ್ತದೆ ಎಂಬುದನ್ನು ಆಶಿತಾ ಗಮನಿಸಿದಳು. ಗಮನಿಸಬಾರದಿತ್ತು ಎಂದುಕೊಂಡಳು.

ಹಾಗೆ ಶುರುವಾಯಿತು.

ದಿನಾ ಒಟ್ಟಿಗೆ ಕೂತು ಒಂದು ಹಳೇ ಮೆಷಿನ್ನನ್ನು ಅತ್ತಿಂದಿತ್ತ ದಾಟಿಸಿ ನೋಡಿದರು. ಒಮ್ಮೆ ಅದು ಅರ್ಧದಲ್ಲೇ ಸತ್ತಿತು. ಒಮ್ಮೆ ದಾಟಿತು, ಆದರೆ ಹೊಸ ಕಾರ್ಡು ಎಚ್ಚರಗೊಳ್ಳಲಿಲ್ಲ. ಶೈಲೇಶ್ ಬಯ್ಯುತ್ತಿರಲಿಲ್ಲ. "ಇನ್ನೊಮ್ಮೆ ನೋಡುವ," ಎನ್ನುತ್ತಿದ್ದ. ಆ 'ನೋಡುವ' ಎಂಬುದನ್ನು ಕೇಳಿದರೆ ಆಶಿತಾಳಿಗೆ ದಣಿವೇ ಗೊತ್ತಾಗುತ್ತಿರಲಿಲ್ಲ.

ವಾರಾಂತ್ಯಕ್ಕೆ ಅವನು ಸುವೈಕ್‌ಗೆ ಹೋಗುತ್ತಿದ್ದ. ಅಪ್ಪ ಭೋಜರಾಜರಿಗೆ ಅಲ್ಲಿ ಹೊಲಿಗೆ ಅಂಗಡಿ. ಭಾನುವಾರ ಬರುವಾಗ ಅಮ್ಮ ದಮಯಂತಿ ಕಟ್ಟಿಕೊಟ್ಟ ಬುತ್ತಿ ಇರುತ್ತಿತ್ತು. ಮೊದಮೊದಲು ಒಂದು ಡಬ್ಬಿ. ಆಮೇಲೆ ಎರಡು.

"ಇದೇನು, ಇವತ್ತು ಇಷ್ಟೊಂದು?"

"ಅಮ್ಮ ಕೇಳಿದ್ರು, ಆಫೀಸಲ್ಲಿ ಯಾರಾದ್ರೂ ನಮ್ಮ ಕಡೆಯವರು ಇದ್ದಾರಾ ಅಂತ. ಮೈಸೂರಿನವರು ಒಬ್ರು ಉಂಟು, ಒಬ್ರೇ ಇರೋದು ಅಂದೆ." ಅವನು ಡಬ್ಬಿಯನ್ನು ಅವಳತ್ತ ತಳ್ಳಿದ. "ಪತ್ರೊಡೆ. ತಿಂದಿದ್ದೀರಾ?"

ತಿಂದಿರಲಿಲ್ಲ. ತಿಂದ ಮೇಲೆ ಡಬ್ಬಿ ತೊಳೆದು ಖಾಲಿ ಕೊಡಲು ಮನಸ್ಸಾಗದೆ, ಅವಳು ತಾನೇ ಮಾಡಿದ ಸಜ್ಜಿಗೆ ತುಂಬಿ ಕೊಟ್ಟಳು.

ಊರಿನಿಂದ ಅಜ್ಜಿ ಪುಟ್ಟಲಕ್ಷ್ಮಮ್ಮ ಫೋನು ಮಾಡಿದಾಗ ಮೊಮ್ಮಗಳ ದನಿಯಲ್ಲೇ ಏನೋ ಸಿಕ್ಕಿಬಿಟ್ಟಿತು.

"ಏನವ್ವ, ಶಾನೆ ಖುಸಿಯಾಗಿದ್ದೀಯಲ್ಲ. ಯಾವೋನವನು?"

"ಅಯ್ಯೋ ಅಜ್ಜಿ, ಕೆಲಸ ಚೆನ್ನಾಗಿ ನಡೀತಿದೆ ಅಷ್ಟೇ."

"ಕೆಲ್ಸಕ್ಕೆ ಯಾರಾದ್ರೂ ಹಿಂಗ್ ನಗ್ತಾರೇನವ್ವ..."

ಆಶಿತಾ ಫೋನಿಟ್ಟು ಕನ್ನಡಿ ನೋಡಿಕೊಂಡಳು. ನಿಜ. ಅವಳಿನ್ನೂ ನಗುತ್ತಲೇ ಇದ್ದಳು.

ಕೊನೆಗೆ ಖಸಬ್ ಮೆಷಿನ್ನನ್ನೇ ದಾಟಿಸಿ ನೋಡುವ ದಿನ ಬಂತು. ರೋಗಿಗಳಿಲ್ಲದ ಹೊತ್ತು. ಖಸಬ್‌ನಲ್ಲಿ ಡಾಲಿ ತನ್ನ ಅಂಗೈ ಮೇಲೆಯೇ ಉಪಕರಣ ಇಟ್ಟುಕೊಂಡು ಕೂತಿದ್ದಳು. ಆಶಿತಾ ಆಜ್ಞೆ ಕೊಟ್ಟಳು. ಮೆಷಿನ್ ದಾಟಿತು. ಹೊಸ ಕಾರ್ಡು ಎಚ್ಚರಗೊಂಡಿತು. ಅಜೈಬಾದಲ್ಲಿ ಎಲ್ಲ ದೀಪವೂ ಹಸಿರು.

ಖಸಬ್‌ನಿಂದ ಮಾತ್ರ ಡಾಲಿಯ ಫೋನು ಬಂತು. "ಎಂತ ಆಯ್ತು? ಇಲ್ಲಿ ಎಲ್ಲ ನಿಂತೇ ಹೋಯ್ತಲ್ಲ."

ಆಶಿತಾ ಮೆಷಿನ್ನನ್ನು ಹಳೇ ಜಾಗಕ್ಕೇ ಮರಳಿಸಿದ ಮೇಲಷ್ಟೇ ಖಸಬ್‌ನ ಚಿತ್ರ ಜೀವ ಪಡೆಯಿತು.

ಮೀಟಿಂಗಿನಲ್ಲಿ ಜಾಯ್ಸನ್ ಅಂದು ನಗಲಿಲ್ಲ. ಡಾಕ್ಟರ್ ಸಲಾಂ ಕೈ ಕಟ್ಟಿ ಕೂತಿದ್ದರು.

"ತಪ್ಪೆಲ್ಲಿ ಆಯ್ತು?"

"ನನ್ನ ಕಡೆ ಎಲ್ಲ ಸರಿಯಾಗಿದೆ ಸರ್. ಎಷ್ಟು ಸಲ ನೋಡಿದ್ರೂ ಸರಿಯಾಗೇ ಇದೆ..." ಆಶಿತಾಳ ಮಾತು ಅವಳಿಗೇ ಪೊಳ್ಳಾಗಿ ಕೇಳಿಸಿತು. ಆಸರೆಗಾಗಿ ಶೈಲೇಶನತ್ತ ನೋಡಿದಳು.

ಅವನು ಮೇಜನ್ನು ನೋಡುತ್ತಿದ್ದ. ಒಂದು ಮಾತೂ ಆಡಲಿಲ್ಲ.

"ಹಾಗಾದ್ರೆ ಮುಂದಿನ ವಾರ ಖಸಬ್ ಸ್ಕ್ಯಾನ್ ಒಂದು ದಿನ ಪೂರ್ತಿ ಬಂದ್ ಮಾಡಿ ಸಾಗಿಸುವ," ಎಂದರು ಜಾಯ್ಸನ್. "ಬೇರೆ ದಾರಿ ಇಲ್ಲ."

"ಆ ದಿನ ಯಾರಾದರೂ ತಾಯಿ ಬಂದರೆ?" ಡಾಕ್ಟರ್ ಕೇಳಿದರು.

ಹೊರಗೆ ಕಾರಿಡಾರಿನಲ್ಲಿ ಆಶಿತಾ ಅವನನ್ನು ತಡೆದಳು.

"ಒಂದು ಮಾತು ಆಡೋಕೆ ಆಗಲಿಲ್ವಾ ನಿಮಗೆ? ಇಷ್ಟು ದಿನ ಪಕ್ಕದಲ್ಲಿ ಕೂತಿದ್ರಲ್ಲ, ನೀವೇ ನೋಡಿದ್ರಲ್ಲ..."

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಬಿಡಲಿಲ್ಲ.

"ಮೊದಲ ದಿನದಿಂದಲೂ ನಿಮಗೆ ಇದು ಆಗಬಾರದು ಅಂತಲೇ ಇತ್ತು. ಅಲ್ವಾ?"

ಆಡಿದ ಮೇಲೆ ಅವಳಿಗೇ ಆ ಮಾತು ಚುಚ್ಚಿತು. ಶೈಲೇಶ್ ಅವಳನ್ನು ಒಂದು ಗಳಿಗೆ ನೋಡಿ, ತಲೆ ತಗ್ಗಿಸಿ ನಡೆದುಬಿಟ್ಟ.

ಮರುದಿನ ಅವನ ಕುರ್ಚಿ ಖಾಲಿ.

"ಖಸಬ್‌ಗೆ ಹೋದ," ಎಂದರು ಜಾಯ್ಸನ್. "ತಾನಾಗಿಯೇ ಕೇಳಿಕೊಂಡು ಹೋದ. ನನಗೂ ಪೂರ್ತಿ ಹೇಳಲಿಲ್ಲ ಮಾರಾಯ್ತಿ."

'ಓಡಿಹೋದ್ರು. ನನ್ನ ಮುಖ ನೋಡಬಾರದು ಅಂತ ಅಷ್ಟು ದೂರ...' ಆಶಿತಾ ಆ ದಿನ ಚಹಾ ಕುಡಿಯಲಿಲ್ಲ. ಅವನ ಹೆಸರಿಗೆ ಮೆಸೇಜು ಬರೆದಳು, ಅಳಿಸಿದಳು. ಮತ್ತೆ ಬರೆದಳು. ಮತ್ತೆ ಅಳಿಸಿದಳು.

ಅದರ ಮರುದಿನ ಮಧ್ಯಾಹ್ನ ಫೋನು ಬಂತು. ಅವನದಲ್ಲ, ಡಾಲಿಯದು.

"ಆಶಿತಾ ಮೇಡಂ, ನಾನು ಹೇಳಿದೆ ಅಂತ ಹೇಳ್ಬೇಡಿ ಆಯ್ತಾ? ಶೈಲೇಶಣ್ಣ ನಿನ್ನೆಯಿಂದ ನಮ್ಮ ರೌಟರ್ ಪೆಟ್ಟಿಗೆ ಎದುರೇ ಕೂತಿದ್ದಾರೆ. ಊಟಕ್ಕೆ ಎಬ್ಬಿಸ್ಲಿಕ್ಕೆ ನಾನು ಬಯ್ಯಬೇಕು. ಈಗ ಒಬ್ಬರೇ ನಗಾಡ್ತಾ ಇದ್ದಾರೆ. ಎಂತ ಕೇಳಿದ್ರೆ, 'ತಪ್ಪು ನನ್ನದೇ ಡಾಲಿ, ಅವರದ್ದು ಸರಿ ಇತ್ತು' ಅಂತಾರೆ. ಯಾರದ್ದು ಅಂತ ಕೇಳಿದ್ರೆ ಕಿವಿ ಕೆಂಪು ಮಾಡ್ತಾರೆ. ನಿಮಗೆ ಏನಾದ್ರೂ ಗೊತ್ತುಂಟಾ?"

ಆಶಿತಾ ಕುರ್ಚಿಗೆ ಒರಗಿದಳು. ಕಣ್ಣು ತುಂಬಿ ಬಂತು. ಅದರ ಹಿಂದೆಯೇ ನಗುವೂ ಬಂತು.

ಸಂಜೆ ಶೈಲೇಶನೇ ಜಾಯ್ಸನ್‌ಗೆ ಫೋನು ಮಾಡಿ ಎಲ್ಲ ಹೇಳಿದ. ವರ್ಷಗಳ ಹಿಂದೆ ಖಸಬ್‌ನ ಆ ರೌಟರ್ ಕೂರಿಸಿದವನು ಅವನೇ. ಮೆಷಿನ್ ಅಜೈಬಾದ ಹಳೇ ನೆಲಮಾಳಿಗೆಯಲ್ಲೇ ಇರುತ್ತದೆ, ಬೇರೆ ದಾರಿಯಿಂದ ಬಂದರೆ ಒಳಗೆ ಬಿಡಬೇಡ ಎಂದು ಭದ್ರತೆಗಾಗಿ ಅದರೊಳಗೆ ಬರೆದಿಟ್ಟಿದ್ದ. ಮೆಷಿನ್ ಹೊಸ ಕಟ್ಟಡಕ್ಕೆ ದಾಟಿದಾಗ ಖಸಬ್‌ನ ರೌಟರ್ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಅಜೈಬಾದಿಂದ ಅದಕ್ಕೆ ಕೈ ಹಾಕುವಂತಿರಲಿಲ್ಲ, ಅಲ್ಲೇ ಹೋಗಿ ಕೂತು ಸರಿಪಡಿಸಬೇಕಿತ್ತು. ಈಗ ಸರಿಪಡಿಸಿದ್ದ.

"ಆಶಿತಾ ಅವರ ಕೆಲಸದಲ್ಲಿ ಒಂದು ಕೂದಲಿನಷ್ಟೂ ತಪ್ಪಿಲ್ಲ ಸರ್," ಎಂದನಂತೆ. "ಬಂದ್ ಮಾಡುವುದು ಬೇಡ. ನಾನು ಈ ತುದಿಯಲ್ಲಿ ಕೂತಿರ್ತೇನೆ, ಅವರು ಆ ತುದಿಯಲ್ಲಿ ದಾಟಿಸಲಿ."

ಬುಧವಾರ ಬೆಳಿಗ್ಗೆ ದಾಟಿಸುವುದೆಂದು ಗೊತ್ತಾಯಿತು. ಆ ಹೊತ್ತಿಗೆ ಡಾಕ್ಟರ ಕೋಣೆಯಲ್ಲೇ ಲ್ಯಾಪ್‌ಟಾಪ್ ತೆರೆದು ಕೂತ ಆಶಿತಾ ಹೆಡ್‌ಫೋನು ಕಿವಿಗಿಟ್ಟಳು. ಆ ತುದಿಯಿಂದ ಅದೇ ದನಿ.

"ನಮಸ್ಕಾರ ಮೇಡಂ. ಕೇಳ್ತದಾ?"

"ಕೇಳ್ತಿದೆ." ಇನ್ನೂ ಏನೇನೋ ಹೇಳಬೇಕಿತ್ತು. ಆದರೆ ಅದೇ ಲೈನಿನಲ್ಲಿ ಜಾಯ್ಸನ್ ಇದ್ದರು, ಡಾಕ್ಟರ್ ಇದ್ದರು, ಡಾಲಿಯಂತೂ ಮೈಯೆಲ್ಲಾ ಕಿವಿಯಾಗಿ ಇದ್ದಳು.

"ಶುರು ಮಾಡುವ," ಎಂದ ಶೈಲೇಶ್.

ಅವಳು ನಡುವಿನ ಸಾಫ್ಟ್‌ವೇರನ್ನು ಕೂರಿಸಿದಳು. ಪುಟಗಳು ದಾಟತೊಡಗಿದವು. ಅರ್ಧ ದಾಟಿದ್ದಾಗ ಡಾಲಿಯ ದನಿ ಬದಲಾಯಿತು.

"ಡಾಕ್ಟ್ರೇ, ಕುಮ್ಜಾರ್‌ನಿಂದ ದೋಣಿಯಲ್ಲಿ ಒಬ್ಬರು ತಾಯಿ ಬಂದಿದ್ದಾರೆ. ಎಂಟು ತಿಂಗಳು. ಬೆಳಿಗ್ಗೆಯಿಂದ ಮಗು ಅಲ್ಲಾಡಿದ್ದು ಗೊತ್ತಾಗಿಲ್ಲಂತೆ. ಕಾಯ್ಲಿಕ್ಕೆ ಆಗುದಿಲ್ಲ."

"ಮಲಗಿಸು," ಎಂದರು ಡಾಕ್ಟರ್ ಸಲಾಂ.

ಪರದೆಯ ಮೇಲೆ ಚಿತ್ರ ಮೂಡಿತು. ಅದರೊಂದಿಗೇ ಆಶಿತಾಳ ಪರದೆಯಲ್ಲಿನ ಲೆಕ್ಕ ಏರುಪೇರಾಯಿತು. ಇವಳು ನಕಲು ಮಾಡಿದಷ್ಟೂ ಹೊಸ ಪುಟಗಳು ಬದಲಾಗುತ್ತಿದ್ದವು. ಹೀಗೇ ಆದರೆ ದಾಟುವುದು ಮುಗಿಯುವುದೇ ಇಲ್ಲ.

"ಶೈಲೇಶ್... ಇದು ಮುಗೀತಿಲ್ಲ. ಮೆಷಿನ್ ಮೇಲೆ ಬೇರೆ ಏನೋ ಬಂದು ಬೀಳ್ತಿದೆ. ನಿಲ್ಲಿಸಿಬಿಡಲಾ?"

"ನಿಲ್ಲಿಸ್ಬೇಡಿ. ಒಂದು ನಿಮಿಷ ಕೊಡಿ ನನಗೆ." ಕೀಬೋರ್ಡಿನ ಟಕಟಕ ಕೇಳಿಸಿತು. "ಹಾ, ಸಿಕ್ಕಿತು. ಇಲ್ಲಿಂದ ಹಳೇ ಎಕ್ಸ್‌ರೇಗಳೆಲ್ಲ ನಿಮ್ಮ ಕಡೆ ಹೋಗ್ತಾ ಉಂಟು. ಅದನ್ನು ತಡೆದೆ. ಈಗ ಲೈನಿನಲ್ಲಿ ಆ ತಾಯಿ ಮಾತ್ರ ಇರುವುದು. ನೋಡಿ."

ಬದಲಾಗುವ ಪುಟಗಳು ಕಡಿಮೆಯಾದವು. ಇನ್ನೂ ಕಡಿಮೆಯಾದವು. ಕೊನೆಯ ಹಿಡಿಯಷ್ಟು ಪುಟಗಳು ಉಳಿದಾಗ ಮೆಷಿನ್ ಕಣ್ಣು ಮಿಟುಕಿಸುವುದರೊಳಗೆ ಈ ಕಟ್ಟಡದಲ್ಲಿ ಉಸಿರು ಹಿಡಿದು ಆ ಕಟ್ಟಡದಲ್ಲಿ ಬಿಟ್ಟಿತು. ಹೊಸ ಕಾರ್ಡು ಕೆಲಸ ಹಿಡಿಯಿತು. ನಡುವಿನ ಸಾಫ್ಟ್‌ವೇರ್ ಸರಿದು ನಿಂತಿತು.

ಆಶಿತಾ ಹೆದರಿ ಹೆದರಿಯೇ ತಲೆ ಎತ್ತಿ ಡಾಕ್ಟರ ಪರದೆ ನೋಡಿದಳು.

ಮಗು ಮಿಸುಕಾಡಿ ಕಾಲು ಝಾಡಿಸಿತು.

"ಸೋಮಾರಿ," ಡಾಕ್ಟರ್ ಸಲಾಂ ಗಟ್ಟಿಯಾಗಿ ನಕ್ಕರು. "ನಿದ್ದೆ ಮಾಡ್ತಿದ್ದಾನೆ, ಅಷ್ಟೇ. ತಾಯಿಗೆ ಹೇಳು ಡಾಲಿ, ಎಲ್ಲ ಚೆನ್ನಾಗಿದೆ." ಆಮೇಲೆ ಆಶಿತಾಳತ್ತ ತಿರುಗಿದರು. "ನನ್ನ ಸ್ಕ್ಯಾನ್ ಮುಗೀತು. ಇನ್ನು ನೀವು ಮೆಷಿನ್ ಸಾಗಿಸೋಕೆ ಶುರು ಮಾಡಬಹುದು."

"ಸಾಗಿಸಿ ಆಯ್ತು ಡಾಕ್ಟ್ರೇ."

ಡಾಕ್ಟರ್ ಪರದೆ ನೋಡಿದರು, ಅವಳನ್ನು ನೋಡಿದರು, ಮತ್ತೆ ಪರದೆ ನೋಡಿದರು. ಜಾಯ್ಸನ್ ಎದ್ದು ನಿಂತು, "ಖಲಾಸ್, ಎಲ್ಲರಿಗೂ ನನ್ನ ಲೆಕ್ಕದಲ್ಲಿ ಬಿರಿಯಾನಿ," ಎಂದು ಕೂಗಿದರು.

ಗದ್ದಲದ ನಡುವೆ ಹೆಡ್‌ಫೋನಿನಲ್ಲಿ ಮೆಲ್ಲಗೆ ಕೇಳಿತು. "ಮೇಡಂ, ಭಾರಿ ಲಾಯ್ಕ್ ಮಾಡಿದ್ರಿ."

ಅವಳು ಹೆಡ್‌ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

ಕ್ಷಮೆಯನ್ನು ಫೋನಿನಲ್ಲಿ ಕೇಳಲು ಮನಸ್ಸು ಒಪ್ಪಲಿಲ್ಲ. ಶುಕ್ರವಾರ ರಜೆ, ಶೈಲೇಶ್ ಇನ್ನೂ ಖಸಬ್‌ನಲ್ಲೇ ಇದ್ದ. ಯಾರಿಗೂ ಹೇಳದೆ ಆಶಿತಾ ಖಸಬ್‌ನ ಪುಟ್ಟ ವಿಮಾನ ಹತ್ತಿದಳು. ಕಿಟಕಿಯ ಕೆಳಗೆ ಬರಿಬೆಟ್ಟಗಳು ನೇರ ಸಮುದ್ರಕ್ಕೆ ಇಳಿದಿದ್ದವು.

ಕ್ಲಿನಿಕ್ಕಿನ ಬಾಗಿಲಲ್ಲಿ ಡಾಲಿ ಅವಳನ್ನು ಕಂಡು ಕೆನ್ನೆಗೆ ಕೈ ಇಟ್ಟುಕೊಂಡಳು. "ಆಶಿತಾ ಮೇಡಂ ನೀವೇ ಅಲ್ಲವಾ? ಶೈಲೇಶಣ್ಣ ಬಂದರಿನ ಹತ್ರ ಇದ್ದಾರೆ. ಹೋಗಿ, ಹೋಗಿ. ಯಲ್ಲಾ."

ದೋಣಿಗಳ ಸಾಲಿನ ಪಕ್ಕದ ಕಟ್ಟೆಯ ಮೇಲೆ ಶೈಲೇಶ್ ಕೂತಿದ್ದ. ಪ್ಯಾಂಟು ಮೊಣಕಾಲಿಗೆ ಮಡಚಿದ್ದ. ಒಂದು ಮೇಕೆ ಅವನ ಕೈಯಲ್ಲಿದ್ದ ಖುಬ್ಸ್ ರೊಟ್ಟಿಯ ಅರ್ಧ ಕಸಿದುಕೊಂಡಿತ್ತು. ಅವಳನ್ನು ನೋಡಿ ಅವನು ಎದ್ದ ರಭಸಕ್ಕೆ ಉಳಿದರ್ಧವೂ ಅದರ ಪಾಲಾಯಿತು.

"ನೀವು... ಇಲ್ಲಿ? ಮೆಷಿನ್‌ಗೆ ಎಂತ ಆಯ್ತು?"

"ಮೆಷಿನ್ ಚೆನ್ನಾಗಿದೆ. ನಾನು ಚೆನ್ನಾಗಿಲ್ಲ." ಆಶಿತಾ ನೇರವಾಗಿ ಅವನನ್ನು ನೋಡಿದಳು. "ಅವತ್ತು ನಾನು ಆಡಿದ ಮಾತು ಆಡಬಾರದಿತ್ತು. ಅದನ್ನ ಎದುರಿಗೇ ನಿಂತು ಹೇಳಬೇಕು ಅಂತ ಬಂದೆ. ಕ್ಷಮಿಸಿ."

"ಅಯ್ಯೋ, ಅಷ್ಟಕ್ಕೆ ವಿಮಾನ ಹತ್ತಿದ್ರಾ?"

"ನೀವೂ ಒಂದು ಮಾತು ಹೇಳಬಹುದಿತ್ತು. ತಪ್ಪು ನಿಮ್ಮ ಕಡೆ ಇರಬಹುದು ಅಂತ ಅವತ್ತೇ ಅನುಮಾನ ಇತ್ತಲ್ವಾ? ಯಾಕೆ ಸುಮ್ಮನಾದ್ರಿ?"

ಅವನು ತಲೆ ಕೆರೆದುಕೊಂಡ.

"ಗಟ್ಟಿ ಗೊತ್ತಿಲ್ಲದೆ ಹೇಳಿದ್ರೆ, ನಿಮ್ಮನ್ನು ಸಮಾಧಾನ ಮಾಡ್ಲಿಕ್ಕೆ ಹೇಳಿದ ಹಾಗೆ ಆಗ್ತದೆ ಅಂತ ಅನಿಸ್ತು. ನಿಮ್ಮ ಕೆಲಸ ಸರಿ ಅಂತ ಎಲ್ಲರೆದುರು ಹೇಳ್ಬೇಕಿತ್ತು ನನಗೆ. ಅದಕ್ಕೆ ಕೈಯಲ್ಲಿ ಸಾಕ್ಷಿ ಬೇಕಿತ್ತು."

"ಎಲ್ಲದಕ್ಕೂ ಸಾಕ್ಷಿ ಬೇಕಾ ನಿಮಗೆ?"

"ಎಲ್ಲದಕ್ಕೂ ಇಲ್ಲ." ಶೈಲೇಶ್ ಸಮುದ್ರದತ್ತ ನೋಡಿದ. ಅವನ ಕಿವಿಗಳು, ಡಾಲಿ ಹೇಳಿದಂತೆಯೇ, ಕೆಂಪಾಗಿದ್ದವು. "ಒಂದು ವಿಷಯ ಉಂಟು. ಅದಕ್ಕೆ ಸಾಕ್ಷಿ ಎಂತದೂ ಇಲ್ಲ. ಆದ್ರೆ ಗಟ್ಟಿ ಗೊತ್ತುಂಟು. ಹೇಳ್ಲಾ?"

"ಹೇಳಿ."

"ನನಗೆ ನೀವು ಅಂದ್ರೆ ತುಂಬ ಇಷ್ಟ. ಇಲ್ಲಿ ಆ ಪೆಟ್ಟಿಗೆ ಎದುರು ಕೂತಿದ್ದಷ್ಟು ಹೊತ್ತೂ, ನೀವು ಪಕ್ಕದಲ್ಲಿ ಇಲ್ಲದಿದ್ದದ್ದೇ ಗೊತ್ತಾಗ್ತಾ ಇತ್ತು. ಇನ್ನು ಹಾಗೆ ಕೂರ್ಲಿಕ್ಕೆ ನನ್ನಿಂದ ಆಗುದಿಲ್ಲ."

ಒಂದು ದೋಣಿ ಮೆಲ್ಲಗೆ ದಡ ಬಿಟ್ಟಿತು. ಆಶಿತಾ ಅವನು ಎದ್ದ ಜಾಗದ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತಳು. ಕೂತು, ಪಕ್ಕದ ಜಾಗವನ್ನು ಕೈಯಿಂದ ತಟ್ಟಿದಳು. ಅವನು ಕೂತ.

"ನನಗೂ ಆಗಲ್ಲ," ಎಂದಳು. "ಆದ್ರೆ ನನಗೆ ತುಳು ಬರಲ್ಲ."

"ಅದೊಂದು ಕಷ್ಟವಾ? ನಾನು ಕಲಿಸ್ತೇನೆ."

"ಈಗಲೇ ಒಂದು ಮಾತು ಕಲಿಸಿ."

ಅವನು ಸ್ವಲ್ಪ ಯೋಚಿಸಿದ. "'ಯಾನ್ ಬರ್ಪೆ' ಹೇಳಿ."

"ಹಾಗಂದ್ರೆ?"

"ನಾನು ಬರ್ತೇನೆ ಅಂತ."

"ಎಲ್ಲಿಗೆ?"

"ಸುವೈಕ್‌ಗೆ. ನಮ್ಮ ಮನೆಗೆ. ಅಮ್ಮನನ್ನು ನೋಡ್ಲಿಕ್ಕೆ."

ಆಶಿತಾ ನೀರಿನ ಮೇಲೆ ಕಣ್ಣು ನೆಟ್ಟು, ಎರಡೂ ಪದಗಳನ್ನು ಬಾಯೊಳಗೇ ಒಮ್ಮೆ ಹೊರಳಿಸಿ ನೋಡಿದಳು. ಆಮೇಲೆ ಅವನತ್ತ ತಿರುಗಿದಳು.

"ಯಾನ್ ಬರ್ಪೆ."

"ಸರಿ ಉಂಟಾ ಅಂತ ಗೊತ್ತಾಗಲಿಲ್ಲ," ಎಂದ ಶೈಲೇಶ್, ನಗು ತಡೆಯಲಾಗದೆ. "ಇನ್ನೊಮ್ಮೆ ಹೇಳಿ."

ಅವಳು ಇನ್ನೊಮ್ಮೆ ಹೇಳಿದಳು.